ಅಕ್ಕನ ಮೂಗಿನ ಅಳತೆ

೧೧ ಜನವರಿ ೧೯೭೯

ಪ್ರೀತಿಯ ಅಕ್ಕ,

ನಿನ್ನ ಗುಂಡಿಯ ನಮಸ್ಕಾರ. ತಲೆಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ಚೆನ್ನಾಗಿದೆ. ಆ ತಲೆಯ ವಿಷಯಕ್ಕೇ ಈ ಕಾಗದ.

ಹೊಟ್ಟು, ಅಕ್ಕ. ಮುಟ್ಟಿದರೆ ಉದುರುತ್ತದೆ. ನಾನೀಗ ಹೊಲಿಗೆ ಅಂಗಡಿಯ ಕೆಲಸವನ್ನು ಮನೆಗೇ ತಂದು ಮಾಡುತ್ತೇನೆ; ಅಲ್ಲಿ ಜಾಗ ಇಕ್ಕಟ್ಟು. ಈ ತಿಂಗಳು ಬರೀ ಕಪ್ಪು ಕೋಟುಗಳು, ಒಂದೊಂದಕ್ಕೂ ಆರು ಗುಂಡಿ. ಕೊನೆಯ ಗುಂಡಿ ಹೊಲಿದು ಎತ್ತಿ ನೋಡಿದರೆ ಕೋಟಿನ ತುಂಬ ಹಿಟ್ಟು ಚೆಲ್ಲಿದ ಹಾಗಿರುತ್ತದೆ. ನಿನ್ನೆ ಅಂಗಡಿಯ ಮಾಸ್ಟರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏನಮ್ಮಾ, ಹಿಟ್ಟಿನ ಗಿರಣೀಲಿ ಕೂತ್ಕೊಂಡು ಹೊಲಿದ್ಯಾ?" ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಮೊದಲು ಒಣ ಹೊಟ್ಟಿತ್ತು. ಈಗ ಹಳದಿ ಚಕ್ಕೆಗಳಾಗಿ ಅಂಟಿಕೊಂಡಿದೆ, ಜಿಡ್ಡು ಜಿಡ್ಡು. ಹುಬ್ಬಿಗೂ ಇಳಿದಿದೆ. ಕಿವಿಯ ಹಿಂದೆ ಕೆಂಪಗಾಗಿದೆ. ಡಾಕ್ಟರಿಗೆ ತೋರಿಸಿದ್ದೂ ಆಯಿತು. "ತಾನಾಗೇ ಹೋಗುತ್ತೆ, ಸುಮ್ನಿರಿ" ಎಂದು ಕಳಿಸಿದರು. ಸುಮ್ಮನಿರುವುದು ಹೇಗೆ?

ನೀನು ಎಣ್ಣೆ ಗಾಣದಲ್ಲಿದ್ದೀಯ. ಅಮ್ಮ ನಮ್ಮ ತಲೆಗೆ ಹಚ್ಚುತ್ತಿದ್ದಳಲ್ಲ, ಬೇವು, ಕರ್ಪೂರ ಎಲ್ಲ ಸೇರಿಸಿದ ಎಣ್ಣೆ, ಅದನ್ನು ಒಂದು ಸಣ್ಣ ಸೀಸೆಯಲ್ಲಿ ಕಳಿಸುತ್ತೀಯಾ? ಬೇಗ ಕಳಿಸು. ನಾಳೆ ನಾಡಿದ್ದು ಅನ್ನಬೇಡ. ಭಾವನಿಗೆ ನನ್ನ ನಮಸ್ಕಾರ ಹೇಳು.

ನಿನ್ನ
ಗುಂಡಿ


೧೨ ಜನವರಿ

ಅಕ್ಕ,

ಇದನ್ನು ಅಂಚೆಗೆ ಹಾಕುವುದಿಲ್ಲ. ಬರೆದು ಗುಂಡಿ ಡಬ್ಬಿಯ ತಳದಲ್ಲಿ ಇಡುತ್ತೇನೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ನನ್ನ ಎದೆ ಒಡೆದೀತು.

ಹೊಟ್ಟು ಇರುವುದು ನನ್ನ ತಲೆಯಲ್ಲಿ ಅಲ್ಲ. ನನ್ನ ಮಗುವಿನ ತಲೆಯಲ್ಲಿ. ನನಗೆ ಮಗುವಾಗಿದೆ ಅಕ್ಕ. ನಾಲ್ಕು ತಿಂಗಳು ತುಂಬಿತು. ತೊಡೆಯ ಮೇಲೆ ಮಲಗಿಸಿಕೊಂಡೇ ಗುಂಡಿ ಹೊಲಿಯುತ್ತೇನೆ, ಅದಕ್ಕೇ ಕೋಟಿನ ಮೇಲೆಲ್ಲ ಹೊಟ್ಟು.

ನಿನಗೆ ಹೇಗೆ ಹೇಳಲಿ? ನಿನ್ನ ಕೂಸನ್ನು ಮಣ್ಣು ಮಾಡಿ ಬಂದ ದಿನ ನೀನು ಅಡುಗೆಮನೆಯ ಬಾಗಿಲಿಗೆ ಒರಗಿ, "ಇನ್ಮೇಲೆ ಯಾರ ಮಗು ಸುದ್ದೀನೂ ನನ್ನ ಕಿವಿಗೆ ಹಾಕ್ಬೇಡಿ, ನಿಮ್ಮ ದಮ್ಮಯ್ಯ" ಅಂದೆ. ಆ ಮುಖ ಇನ್ನೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಇವರಿಗೆ ರೈಲ್ವೆ ಸಿಗ್ನಲ್ ಕೆಲಸ ಸಿಕ್ಕಿ ಎರಡು ದಿನದ ದಾರಿಯಷ್ಟು ದೂರ ಬಂದೆವು. ಬಸುರಿಯಾದಾಗ ಬರೆಯೋಣ ಅಂದುಕೊಂಡೆ. ಹೆತ್ತಾಗ ಬರೆಯೋಣ ಅಂದುಕೊಂಡೆ. ದಿನ ಕಳೆದಷ್ಟೂ ಬರೆಯದೆ ಇದ್ದದ್ದೇ ದೊಡ್ಡ ತಪ್ಪಾಗಿ ಬೆಳೆಯಿತು.

ಆದರೆ ನನ್ನ ನಿಜವಾದ ಹೆದರಿಕೆ ಇದಲ್ಲ. ನಿನ್ನ ಕೂಸಿಗೂ ಹೀಗೇ ಇತ್ತು. ಇದೇ ಹಳದಿ ಚಕ್ಕೆ, ಹುಬ್ಬಿನ ತನಕ. ನಾನು ಎತ್ತಿಕೊಂಡು ನೋಡಿದ್ದೇನೆ. ಅದಾಗಿ ಹದಿನೈದು ದಿನಕ್ಕೆ ಜ್ವರ ಬಂತು. ಇಲ್ಲಿಯ ಡಾಕ್ಟರಿಗೆ ಇದು ಗೊತ್ತಿಲ್ಲ, ನನಗೆ ಗೊತ್ತು. ದಿನಕ್ಕೆ ಹತ್ತು ಸಲ ಹಣೆ ಮುಟ್ಟಿ ನೋಡುತ್ತೇನೆ. ಹೆದರಿ ನನ್ನ ಕೈಯೇ ತಣ್ಣಗಾಗಿರುತ್ತದೆ, ಹಾಗಾಗಿ ಪ್ರತಿ ಸಲವೂ ಹಣೆ ಬಿಸಿಯಾಗಿಯೇ ಕಾಣುತ್ತದೆ. ಆ ಚಕ್ಕೆ ಹೋದರೆ ಮಗು ಉಳಿಯುತ್ತದೆ ಎಂದು ಮನಸ್ಸಿಗೆ ಕೂತುಬಿಟ್ಟಿದೆ. ಇದನ್ನು ಕೇಳಬೇಕಾದವಳು ನೀನೊಬ್ಬಳೇ. ಕೇಳಬಾರದವಳೂ ನೀನೇ.


೨೦ ಜನವರಿ

ಗುಂಡೀ,

ಹೊಟ್ಟಿಗೆ ಇಷ್ಟು ಹೆದರುವವರನ್ನು ನಾನು ನೋಡಿಲ್ಲ ಕಣೇ. ಮೂರು ವರ್ಷದವಳಾಗಿದ್ದಾಗ ಅಪ್ಪನ ಅಂಗಿಯ ಗುಂಡಿ ನುಂಗಿ, ಎರಡು ದಿನ ಮನೆಮಂದಿಗೆಲ್ಲ ಅನ್ನ ನೀರು ಇಳಿಯದ ಹಾಗೆ ಮಾಡಿ ಹೆಸರು ಗಿಟ್ಟಿಸಿದವಳು ನೀನು. ಈಗ ತಲೆಹೊಟ್ಟಿಗೆ ಅಳುತ್ತೀಯಾ?

ಎಣ್ಣೆ ತಯಾರಾಗಿದೆ. ಪಾರ್ಸಲು ಬೇರೆ ಬರುತ್ತದೆ. ತೆಂಗಿನೆಣ್ಣೆ ನಮ್ಮ ಗಾಣದ್ದೇ, ಅದಕ್ಕೆ ಬೇವಿನೆಣ್ಣೆ ಸೇರಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದೆ. ಕರ್ಪೂರಕ್ಕೆ ಅಮ್ಮನ ಲೆಕ್ಕವೇ. ನೆನಪಿದೆಯಾ, "ಚಮಚ ಯಾಕೆ, ಮೂಗಿಲ್ವಾ?" ಅನ್ನುತ್ತಿದ್ದಳು. ಎಣ್ಣೆ ಆರಿದ ಮೇಲೆ ಪುಡಿ ಹಾಕುತ್ತಾ ಹೋಗಬೇಕು, ಮೂಗು ಸಾಕು ಅಂದಾಗ ನಿಲ್ಲಿಸಬೇಕು. ಹಾಗೇ ಮಾಡಿದ್ದೇನೆ. ಈ ಸಲ ಮೂಗು ಸಾಕು ಅನ್ನುವುದಕ್ಕೆ ಸ್ವಲ್ಪ ತಡ ಮಾಡಿತು, ಕರ್ಪೂರ ಹಳೆಯದಿರಬೇಕು. ಹೇಗೂ ನಿನ್ನದು ಹಠಮಾರಿ ಹೊಟ್ಟು, ಒಂದು ಹಿಡಿ ಹೆಚ್ಚಾದರೆ ಒಳ್ಳೆಯದೇ.

ಚೆನ್ನಾಗಿ ತಿಕ್ಕಿ, ಎರಡು ಗಂಟೆ ಬಿಟ್ಟು ತೊಳೆ. ಹತ್ತು ದಿನ ಬಿಡದೆ ಹಚ್ಚು. ಉರಿದರೆ ಹೆದರಬೇಡ, ನಿನ್ನ ಬುರುಡೆ ಗಟ್ಟಿ ಎಂಬುದು ನನಗೂ ನಿನ್ನ ಮೇಷ್ಟ್ರುಗಳಿಗೂ ಚೆನ್ನಾಗಿ ಗೊತ್ತು. ಹುಬ್ಬಿನಲ್ಲೂ ಹೊಟ್ಟು ಅಂತ ಬರೆದದ್ದು ಓದಿ ನಗು ಬಂತು. ಅದು ಎಳೆ ಕೂಸುಗಳಿಗೆ ಬರುವಂಥದ್ದು. ನೀನಿನ್ನೂ ಕೂಸೇ ಅಂತಾಯಿತು.

ಇಲ್ಲಿ ಹೊಸತೇನಿಲ್ಲ. ನವೆಂಬರಿನ ನೆಗಡಿ ನನ್ನನ್ನಿನ್ನೂ ಪೂರ್ತಿ ಬಿಟ್ಟಿಲ್ಲ. ಮೊನ್ನೆ ಒಲೆಯ ಮೇಲೆ ಹಾಲು ಸೀದು ತಳ ಹಿಡಿದಿತ್ತು. ಅಲ್ಲೇ ಪಕ್ಕದಲ್ಲಿ ಕೂತವಳಿಗೆ ಗೊತ್ತಾಗಲಿಲ್ಲ, ನಿನ್ನ ಭಾವ ವರಾಂಡದಿಂದ ಓಡಿಬಂದು ಇಳಿಸಿದರು. ಪೇಪರ್ ಓದುತ್ತಿದ್ದೆ ಅಂದೆ.

ಹೊಟ್ಟು ಹೋದ ಮೇಲೆ ಬರೆ. ಹೋಗದಿದ್ದರೂ ಬರೆ.

ಅಕ್ಕ


೩೦ ಜನವರಿ

ಪ್ರೀತಿಯ ಅಕ್ಕ,

ಸೀಸೆ ಒಡೆಯದೆ ಬಂತು. ಮುಚ್ಚಳ ತೆಗೆದ ಕೂಡಲೇ ಕಣ್ಣಲ್ಲಿ ನೀರು. ಪಕ್ಕದ ಮನೆಯ ಟೈಪಿಸ್ಟ್ ಬಾಗಿಲಲ್ಲೇ ನಿಂತು ಮೂಗು ಹಿಡಿದುಕೊಂಡು, "ಇದು ತಲೆಗಾ, ತಿಗಣೆಗಾ?" ಅಂದಳು. ನನಗೂ ಒಂದು ಕ್ಷಣ ಕೈ ಹಿಂದೆ ಬಂತು. ಆಮೇಲೆ ನನ್ನನ್ನೇ ಬೈದುಕೊಂಡೆ. ನಿನ್ನ ಮೂಗು ಇವತ್ತಿನವರೆಗೆ ತಪ್ಪಿದ್ದುಂಟೇ? ಅಪ್ಪ ಕದ್ದು ಬೀಡಿ ಸೇದಿ ಬಂದರೆ ಬೀದಿಯ ತುದಿಯಲ್ಲೇ ಹಿಡಿಯುತ್ತಿದ್ದವಳು ನೀನು. ನನ್ನ ಕಣ್ಣಿಗಿಂತ ನಿನ್ನ ಮೂಗೇ ಮೇಲು ಅಂದುಕೊಂಡು ಹಚ್ಚಿಯೇ ಬಿಟ್ಟೆ.

ಮೂರು ದಿನವಾಯಿತು. ಚಕ್ಕೆ ಮೆತ್ತಗಾಗಿ ಏಳುತ್ತಿದೆ. ಚರ್ಮ ಮಾತ್ರ ಕೆಂಪಾಗಿದೆ. ಹಚ್ಚಿದ ಮೇಲೆ ನಿದ್ದೆಯೋ ನಿದ್ದೆ, ಎಬ್ಬಿಸಿದರೂ ಪೂರ್ತಿ ಕಣ್ಣು ಬಿಡಲಾಗದಷ್ಟು. ನಿನ್ನೆಯಿಂದ ಹಾಲೂ ಸೇರುತ್ತಿಲ್ಲ. ಎಣ್ಣೆಯ ತಂಪಿಗೆ ಹಾಗಾಗುತ್ತದೆ ಅಲ್ಲವೇ? ಆಗುತ್ತದೆ ಅಂತ ಬರೆ.

ಇನ್ನೊಂದು ಮಾತು. ನೆತ್ತಿಯ ಮೇಲೆ ಮಿಡಿಯುತ್ತದಲ್ಲ, ಆ ಮೆತ್ತನೆಯ ಜಾಗ, ಅಲ್ಲೇ ಚಕ್ಕೆ ದಪ್ಪವಾಗಿ ಕೂತಿದೆ. ಅಲ್ಲಿಗೂ ತಿಕ್ಕಬಹುದೇ? ಸದ್ಯಕ್ಕೆ ಬೆರಳ ತುದಿಯಿಂದ ಬರೀ ಮುಟ್ಟಿಸುತ್ತಿದ್ದೇನೆ. ನಿನ್ನ ಉತ್ತರ ಬಂದ ಮೇಲೆ ಸರಿಯಾಗಿ ಹಚ್ಚುತ್ತೇನೆ.

ನಿನ್ನ
ಗುಂಡಿ


೫ ಫೆಬ್ರವರಿ. ತಂತಿ

ಎಣ್ಣೆ ಹಚ್ಚಬೇಡ. ಮಗುವಿನ ತಲೆ ಸೋಪಿನಿಂದ ತೊಳೆ. ಈಗಲೇ ಆಸ್ಪತ್ರೆಗೆ ಒಯ್ಯಿ. ಕರ್ಪೂರ ಎಂದು ಹೇಳು. ಉತ್ತರ ಕೊಡು. ಅಕ್ಕ.


೫ ಫೆಬ್ರವರಿ

ಗುಂಡೀ,

ತಂತಿ ಕೊಟ್ಟು ಅಂಚೆ ಕಚೇರಿಯ ಬೆಂಚಿನ ಮೇಲೇ ಕೂತು ಬರೆಯುತ್ತಿದ್ದೇನೆ. ಅವಸರದ ಬರಹ. ಅಕ್ಷರ ಕೂಡಿಸಿಕೊಂಡು ಓದು.

ನೆತ್ತಿ ಮಿಡಿಯುವುದು ಯಾರಿಗೆ? ನಿನಗೆ ಇಪ್ಪತ್ತೊಂಬತ್ತು ವರ್ಷ. ನಿನ್ನ ನೆತ್ತಿ ಗಟ್ಟಿಯಾದದ್ದು ನನ್ನ ಕಣ್ಣ ಮುಂದೆ. ಕಾಗದವನ್ನು ಗಾಣದ ಬಾಗಿಲಲ್ಲಿ ನಿಂತು ಮೂರು ಸಲ ಓದಿದೆ. ಮೂರನೆಯ ಸಲಕ್ಕೆ ಹುಬ್ಬಿನ ಹೊಟ್ಟು, ಮನೆಗೇ ತರುವ ಕೆಲಸ, ಸೇರದ ಹಾಲು, ಎಲ್ಲ ಒಂದೊಂದಾಗಿ ಎದ್ದು ನಿಂತವು. ನಿನ್ನ ಮನೆಯಲ್ಲಿ ಮಗು ಇದೆ. ನಾನು ತಪ್ಪು ತಿಳಿದಿದ್ದರೆ ಬೈದು ಬರೆ. ತಪ್ಪಾಗಲಿ ಅಂತಲೇ ಬೇಡಿಕೊಳ್ಳುತ್ತಿದ್ದೇನೆ.

ಈಗ ನನ್ನದು ಕೇಳು. ನನಗೆ ವಾಸನೆ ಬರುವುದಿಲ್ಲ. ನವೆಂಬರಿನಲ್ಲಿ ಬಂದದ್ದು ನೆಗಡಿಯಲ್ಲ, ಜ್ವರ. ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಯಾರಿಗೂ ಹೇಳಿಲ್ಲ, ನಿನ್ನ ಭಾವನಿಗೂ ಹೇಳಿಲ್ಲ. ಗಾಣದಲ್ಲಿ ನನ್ನನ್ನು ಇಟ್ಟುಕೊಂಡಿರುವುದೇ ಮೂಗಿಗಾಗಿ. ಯಾವ ಡ್ರಮ್ಮಿನ ಎಣ್ಣೆ ಕಮಟು, ಯಾವುದು ತಾಜಾ ಎಂದು ಹೇಳುವುದೇ ನನ್ನ ಕೆಲಸ. ಮೂರು ತಿಂಗಳಿಂದ ಬಣ್ಣ ನೋಡಿ, ನಾಲಗೆಗೆ ಹಚ್ಚಿ, ಬಾಯಿಗೆ ಬಂದದ್ದು ಹೇಳಿ ಪಾರಾಗುತ್ತಿದ್ದೇನೆ. ನಿನ್ನ ಎಣ್ಣೆಗೆ ಕರ್ಪೂರ ಹಾಕುವಾಗ ಮೂಗು ಸಾಕು ಅನ್ನಲೇ ಇಲ್ಲ. ಹಾಕುತ್ತಲೇ ಹೋದೆ. ಕಣ್ಣು ಉರಿದಾಗ ನಿಲ್ಲಿಸಿದೆ.

ಇವತ್ತು ಉಳಿದ ಎಣ್ಣೆಯನ್ನು ಗಾಣದ ಯಜಮಾನರ ಮುಂದೆ ಹಿಡಿದೆ. ಅವರು ಹಿಂದಕ್ಕೆ ಸರಿದು, "ಇದೇನಮ್ಮಾ, ಹಂಡೆ ಎಣ್ಣೆಗೆ ಹಾಕೋ ಕರ್ಪೂರಾನ ಸೀಸೆಗೆ ಸುರಿದಿದ್ಯಾ?" ಅಂದರು.

ದೊಡ್ಡವರಾದರೆ ತಲೆ ಉರಿದೀತು, ಅಷ್ಟೇ. ಎಳೆ ಮಗುವಿಗೆ ಕರ್ಪೂರ ವಿಷ ಕಣೇ. ಗಾಣದಲ್ಲಿ ಇದು ಎಲ್ಲರಿಗೂ ಗೊತ್ತು. ಕೂಸುಗಳಿಗೆಂದು ಯಾರಾದರೂ ಎಣ್ಣೆ ಕೇಳಿದರೆ ಅದಕ್ಕೆ ನಾವು ಏನನ್ನೂ ಬೆರೆಸುವುದಿಲ್ಲ. ಮಗುವಿಗೆ ಅಂತ ನೀನು ಒಂದು ಮಾತು ಬರೆದಿದ್ದರೆ... ಬೇಡ. ಈಗ ಅದನ್ನು ಎತ್ತುವುದಿಲ್ಲ. ಸೀಸೆಯನ್ನು ಮನೆಯಿಂದಾಚೆ ಹಾಕು.


೯ ಫೆಬ್ರವರಿ

ಗುಂಡೀ,

ನಾಲ್ಕು ದಿನವಾಯಿತು. ತಂತಿಗೆ ಉತ್ತರವಿಲ್ಲ. ತಲುಪಿಲ್ಲವೇ? ತಲುಪಿದೆ, ಆದರೆ ಏನೆಂದು ಉತ್ತರ ಕೊಡುವುದೆಂದು ತಿಳಿಯುತ್ತಿಲ್ಲವೇ?

ಅಂಚೆಯವನು ಬೀದಿಯ ತಿರುವಿನಲ್ಲಿ ಕಂಡರೆ ನಾನು ಒಳಗೋಡಿ ಬಾಗಿಲ ಹಿಂದೆ ನಿಲ್ಲುತ್ತೇನೆ. ಅವನು ನಿಂತರೂ ಭಯ, ನಿಲ್ಲದೆ ಹೋದರೂ ಭಯ. ನಿನ್ನ ಭಾವನಿಗೆ ಎಲ್ಲವನ್ನೂ ಹೇಳಿದೆ. "ಬೆಳಗಿನ ಗಾಡಿಗೇ ಹೊರಡೋಣ, ಏಳು" ಅಂದರು. ನನಗೆ ಧೈರ್ಯವಿಲ್ಲ. ಎರಡು ದಿನ ಕೂತು ಬಂದು ನಿನ್ನ ಬಾಗಿಲು ತಟ್ಟಿದಾಗ ಒಳಗೆ ಮಗುವಿನ ಸದ್ದೇ ಇಲ್ಲದಿದ್ದರೆ?

ಬದುಕಿದೆ ಅಂತ ಒಂದು ಪದ ಬರೆ. ಸಹಿಯೂ ಬೇಡ.


೧೦ ಫೆಬ್ರವರಿ

ಅಕ್ಕ,

ಬದುಕಿದೆ. ಇವತ್ತು ಬೆಳಿಗ್ಗೆ ಎದೆಹಾಲು ಕುಡಿಯಿತು. ಮೊದಲು ಇಷ್ಟನ್ನು ಓದಿ, ಒಂದು ಲೋಟ ನೀರು ಕುಡಿದು, ಆಮೇಲೆ ಉಳಿದದ್ದನ್ನು ಓದು.

ಮೂರನೆಯ ತಾರೀಖು ಮಧ್ಯಾಹ್ನ ಎಣ್ಣೆ ಹಚ್ಚಿ, ತೊಡೆಯ ಮೇಲೆ ಮಲಗಿಸಿಕೊಂಡು ಗುಂಡಿ ಹೊಲಿಯುತ್ತಿದ್ದೆ. ತೊಡೆಯ ಮೇಲೆ ಏನೋ ಬಿಗಿಯಾದಂತಾಯಿತು. ನೋಡಿದರೆ ಕೈಕಾಲು ಸೆಟೆದಿವೆ, ಕಣ್ಣಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡಿದೆ, ತುಟಿ ನೀಲಿ. ಕೋಟು, ಸೂಜಿ ಎಲ್ಲಿ ಬಿದ್ದವೋ ಗೊತ್ತಿಲ್ಲ. ಬರಿಗಾಲಲ್ಲಿ ಓಡಿದೆ.

ಆಮೇಲೆ ನಾನು ಮಾಡಿದ್ದನ್ನು ಕೇಳು. ಆಸ್ಪತ್ರೆಯ ಡಾಕ್ಟರಮ್ಮ, "ಮಗೂಗೆ ಏನಾದ್ರೂ ಹಚ್ಚಿದ್ರಾ? ಕುಡಿಸಿದ್ರಾ?" ಎಂದು ಕೇಳಿದರು. ಇಲ್ಲ ಅಂದೆ. ನರ್ಸು ತಲೆ ಮೂಸಿ, "ಕರ್ಪೂರದ ವಾಸನೆ ಇದೆಯಲ್ಲ" ಅಂದರು. ಬಟ್ಟೆ ಪೆಟ್ಟಿಗೆಯಲ್ಲಿ ಕರ್ಪೂರ ಇಟ್ಟಿರುತ್ತೇವೆ, ಹೊದಿಕೆಗೆ ಹತ್ತಿರಬೇಕು ಅಂದೆ. ಬಾಯಿ ತಾನಾಗಿಯೇ ಹೇಳಿತು. ನಿನ್ನ ಹೆಸರು ಎಲ್ಲಿ ಬರುತ್ತದೋ ಎಂದು ಹೆದರಿದೆ. ಎಣ್ಣೆಯೇ ಕಾರಣ ಅಂತ ನನಗೆ ಹೊಳೆದಿರಲೂ ಇಲ್ಲ. ನಾನು ಹೆದರಿದ್ದ ಕಾಯಿಲೆ ಬಂದೇ ಬಿಟ್ಟಿತು ಅಂದುಕೊಂಡಿದ್ದೆ.

ಇನ್ನೂ ಇದೆ. ಸೀಸೆಯನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಐದನೆಯ ತಾರೀಖು ನರ್ಸು ಆಚೆ ಹೋದಾಗ, ಮಂಚದ ಮರೆಯಲ್ಲಿ ಕೂತು ಮತ್ತೆ ಹಚ್ಚಿದೆ. ಚಕ್ಕೆ ಹೋದರೆ ಉಳಿಯುತ್ತದೆ ಅಂತ. ಅರ್ಧ ಗಂಟೆಗೆ ಮತ್ತೆ ಸೆಳವು ಬಂತು. ಇದನ್ನು ಇವರಿಗೂ ಹೇಳಿಲ್ಲ. ನಿನಗೆ ಮಾತ್ರ ಹೇಳುತ್ತಿದ್ದೇನೆ.

ಆರನೆಯ ತಾರೀಖು ಪಕ್ಕದ ಮನೆಯ ಟೈಪಿಸ್ಟ್ ನಿನ್ನ ತಂತಿ ಹಿಡಿದು ಓಡಿಬಂದಳು. 'ಮಗುವಿನ ತಲೆ' ಎಂದು ಓದಿದೆ. ಅಕ್ಕನಿಗೆ ಗೊತ್ತಾಗಿಹೋಯಿತು ಎಂದು, ನೋಡು, ಆಗಲೂ ಮೊದಲು ಅದಕ್ಕೇ ಹೆದರಿದೆ. ಆಮೇಲೆ ಕರ್ಪೂರ ಅಂತಿದ್ದದ್ದು ಕಂಡಿತು. ತಂತಿ, ಸೀಸೆ ಎರಡನ್ನೂ ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ. "ಮೂರು ದಿನದ ಹಿಂದೆ ಇದನ್ನ ಹೇಳಿದ್ರೆ..." ಅಂದು, ಮಾತು ಮುಗಿಸದೆ ಬಿಸಿನೀರು ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಚಕ್ಕೆಯ ವಿಷಯವನ್ನೂ ಕೇಳಿದೆ. "ಅದರಿಂದ ಯಾವ ಮಗೂನೂ ಸಾಯಲ್ಲಮ್ಮ. ಮನಸ್ಸಿಗೆ ಸಮಾಧಾನ ಆಗ್ಬೇಕಿದ್ರೆ ಏನೂ ಬೆರೆಸದ ಎಣ್ಣೆ ಸ್ವಲ್ಪ ಸವರಿ ಮೆತ್ತಗೆ ತೊಳೀರಿ. ಇಲ್ದಿದ್ರೂ ಹೋಗುತ್ತೆ" ಅಂದರು. ಮೊದಲ ಡಾಕ್ಟರು ಹೇಳಿದ್ದೂ ಅದನ್ನೇ.

ತಂತಿಗೆ ಉತ್ತರ ಕೊಡಿ ಅಂತ ಇವರಿಗೆ ಹೇಳಿದ್ದೆ. "ಏನಂತ ಕೊಡ್ಲಿ? ಇನ್ನೆರಡು ದಿನ ನೋಡೋಣ" ಅಂದರು. ಅವರ ಮುಖ ನೋಡಿ ನಾನು ಮತ್ತೆ ಕೇಳಲಿಲ್ಲ.

ಗುಂಡಿ ಡಬ್ಬಿಯ ತಳದಲ್ಲಿದ್ದ ಒಂದು ಹಳೆಯ ಕಾಗದವನ್ನು ತರಿಸಿ ಇದರೊಳಗೆ ಇಟ್ಟಿದ್ದೇನೆ. ಅಂದೇ ಹಾಕಬೇಕಾಗಿತ್ತು. ಒಂದು ಮಾತ್ರ ತಿಳಿಯದು, ಅಕ್ಕ. ನಿನ್ನ ಮೂಗು ಹೇಗೆ ತಪ್ಪಿತು?


೧೬ ಫೆಬ್ರವರಿ

ಗುಂಡೀ,

ನೀರು ಕುಡಿಯಲಿಲ್ಲ. ಮೊದಲ ಪದ ಓದಿ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ನಿನ್ನ ಭಾವ ಕಾಗದ ಕಿತ್ತುಕೊಂಡು ಓದಿ ತಾವೂ ಕೂತರು. ಇಷ್ಟು ಹೊತ್ತಿಗೆ ನನ್ನ ಐದನೆಯ ತಾರೀಖಿನ ಕಾಗದ ಸಿಕ್ಕಿ ಮೂಗಿನ ಕಥೆ ನಿನಗೂ ಗೊತ್ತಾಗಿರುತ್ತದೆ.

ಹಳೆಯ ಕಾಗದ ಓದಿದೆ. ಆ ಮಾತು ನನಗೆ ನೆನಪೇ ಇಲ್ಲ. ಅಂದಿರಬೇಕು. ಆ ದಿನ ಏನು ಅಂದೆ, ಯಾರ ಮೇಲೆ ಬಿದ್ದು ಅತ್ತೆ, ಒಂದೂ ನೆನಪಿಲ್ಲ. ನನಗೇ ನೆನಪಿಲ್ಲದ ಮಾತನ್ನು ನೀನು ನಾಲ್ಕು ವರ್ಷ ವ್ರತದ ಹಾಗೆ ಪಾಲಿಸಿದೆ. ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ನಿನ್ನ ಮೇಲೂ ಬಂತು, ನನ್ನ ಮೇಲೂ ಬಂತು.

ನನ್ನ ಕೂಸು ಚಕ್ಕೆಯಿಂದ ಹೋಗಲಿಲ್ಲ. ಎದೆಯಲ್ಲಿ ಕಫ ಕಟ್ಟಿತ್ತು, ಡಾಕ್ಟರು ಕೈಚೆಲ್ಲಿದರು. ನೀನು ಕೇಳಿದ್ದರೆ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ನನ್ನ ಎದುರು ಮಗು ಎಂದು ಬಾಯಿಗೆ ಬಂದರೂ ಎಲ್ಲರೂ ಮಾತು ತಿರುಗಿಸುತ್ತಿದ್ದರು. ನನ್ನ ಕೂಸಿನ ವಿಷಯ ಮಾತಾಡಲು ನನಗೆ ಒಬ್ಬರೂ ಸಿಗಲಿಲ್ಲ. ಯಾಕೆಂದು ಈಗ ತಿಳಿಯಿತು.

ಯಜಮಾನರಿಗೆ ಮೂಗಿನ ವಿಷಯ ಹೇಳಿದೆ. ತೆಗೆದುಹಾಕುತ್ತಾರೆ ಅಂದುಕೊಂಡಿದ್ದೆ. "ಮೂಗು ಹೋದ್ರೆ ಕೈ ಇಲ್ವೇನಮ್ಮಾ" ಅಂದು ಎಣ್ಣೆ ಸೋಸುವಲ್ಲಿಗೆ ಹಾಕಿದ್ದಾರೆ. ಕರ್ಪೂರದ ಡಬ್ಬಿಗೆ ದಾರ ಬಿಗಿದು ಒಂದು ಚಮಚ ಕಟ್ಟಿದ್ದಾರೆ. ಅಮ್ಮ ನೋಡಿದ್ದರೆ ಏನೆನ್ನುತ್ತಿದ್ದಳೋ.

ಇಪ್ಪತ್ತೆಂಟಕ್ಕೆ ನಾನೂ ನಿನ್ನ ಭಾವನೂ ಹೊರಡುತ್ತೇವೆ. ಬರಿಗೈಯಲ್ಲಿ ಬರುತ್ತೇನೆ, ಎಣ್ಣೆಯ ಮಾತೆತ್ತಬೇಡ. ಹೆಣ್ಣೋ ಗಂಡೋ ಅದನ್ನೂ ಬರೆದಿಲ್ಲವಲ್ಲೇ ಮಾರಾಯ್ತಿ!

ಒಂದು ಹೆದರಿಕೆ ಮಾತ್ರ ಹೋಗುತ್ತಿಲ್ಲ. ಎತ್ತಿಕೊಂಡಾಗ ಮಗುವಿನ ತಲೆಯ ವಾಸನೆ ನನಗೆ ಬರುವುದಿಲ್ಲ. ನನ್ನ ಕೂಸಿನದು ಹೇಗಿತ್ತೆಂಬುದೂ ಮೂಗಿನ ಜೊತೆಗೇ ಹೋಗಿಬಿಟ್ಟಿದೆ. ಎಷ್ಟು ನೆನೆದರೂ ಸಿಗುತ್ತಿಲ್ಲ. ನಿನ್ನ ಮಗುವಿನದು ಹೇಗಿದೆ, ಬರೆ.

ಅಕ್ಕ


೨೨ ಫೆಬ್ರವರಿ

ಅಕ್ಕ,

ಹೆಣ್ಣು. ಮನೆಗೆ ಬಂದು ಐದು ದಿನವಾಯಿತು. ಸೆಳವು ಮತ್ತೆ ಬಂದಿಲ್ಲ. ನನಗಂತೂ ಹೆದರಿಕೆ ಬಿಟ್ಟಿಲ್ಲ. ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತೇನೆ, ಅವಳು ಎದ್ದು ರಂಪ ಮಾಡುತ್ತಾಳೆ, ಆಗ ನನಗೆ ಜೀವ ಬರುತ್ತದೆ. ತಲೆಯಲ್ಲಿ ಇನ್ನೂ ಎರಡು ಚಕ್ಕೆ ಇವೆ. ಇರಲಿ.

ನೀನು ಕೇಳಿದ್ದೀಯ ಅಂತ ಸರಿಯಾಗಿ ಮೂಸಿ ನೋಡಿ ಬರೆಯುತ್ತಿದ್ದೇನೆ. ಮೇಲಕ್ಕೆ ಸೋಪು. ಅದರ ಕೆಳಗೆ ಹಾಲು, ತುಸು ಹುಳಿ. ಎಲ್ಲಕ್ಕಿಂತ ಕೆಳಗೆ, ಹತ್ತಿ ಬಟ್ಟೆಗೆ ಇಸ್ತ್ರಿ ಮಾಡಿ ಬಿಸಿ ಆರುವ ಮೊದಲು ಮುಖಕ್ಕೆ ಹಿಡಿದರೆ ಬರುತ್ತದಲ್ಲ, ಅದು.

ನಿನ್ನ ಕೂಸಿನದು ಇದೇ ಅಲ್ಲ. ಅದರಲ್ಲಿ ಹಾಲು ಹೆಚ್ಚಿತ್ತು, ಹುಳಿ ಇರಲಿಲ್ಲ. ಕಿವಿಯ ಹಿಂದೆ ಹಸಿ ಕಡಲೆಕಾಯಿಯ ಹಾಗೊಂದು ವಾಸನೆ ಇತ್ತು. ಎಷ್ಟು ಸಲ ಎತ್ತಿಕೊಂಡಿದ್ದೆ, ನನಗೆ ಚೆನ್ನಾಗಿ ನೆನಪಿದೆ. ನೀನು ಹೇಳಬೇಡಿ ಅಂದದ್ದಕ್ಕೆ ನಾಲ್ಕು ವರ್ಷ ಹೇಳದೆ ಇಟ್ಟುಕೊಂಡಿದ್ದೆ.

ಬಾ. ಅವಳನ್ನು ಎತ್ತಿಕೊಂಡು ಕೂತುಕೋ. ಎಲ್ಲವನ್ನೂ ಹೇಳುತ್ತೇನೆ.

ನಿನ್ನ
ಗುಂಡಿ